ರೇವೆಯ ತಡಿ, ಕಾವೇರಿಯ ತಡಿ

ಒಂಟಿತನವೆಂದರೇನೆಂದು ಯಾರನ್ನಾದರೂ ಕೇಳಿದರೆ, ಜೊತೆಗೆ ಯಾರೂ ಇಲ್ಲದಿರುವುದೇ ಒಂಟಿತನವೆಂದು ಥಟ್ಟನೆ ಉತ್ತರ ಬರುವುದು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಮೂವತ್ತು ವರ್ಷಕ್ಕೂ ಮಿಕ್ಕು ಶಾಲೆಯಲ್ಲಿ ಮಕ್ಕಳಿಗೆ ಪದಗಳ ಅರ್ಥವನ್ನು ಹೇಳಿಕೊಟ್ಟ ನಮಗೆ ಈ ಒಂದು ಪದದ ಅರ್ಥ ಅರುವತ್ತನೆಯ ವಯಸ್ಸಿನಲ್ಲಿ ತಿಳಿಯಬೇಕಾಗಿ ಬಂದಿತು. ಅದನ್ನು ತಿಳಿಸಿದವರು ಮೂವರು ಸ್ತ್ರೀಯರು. ಒಬ್ಬಾಕೆ ಅಮೆರಿಕಾ ದೇಶದ ಕವಯಿತ್ರಿ. ಇನ್ನೊಬ್ಬಾಕೆ ಸಾವಿರ ವರ್ಷಕ್ಕೂ ಹಿಂದಿನ ಸಂಸ್ಕೃತ ಕವಯಿತ್ರಿ. ಮೂರನೆಯವರು ಕವಿತೆಯನ್ನೇ ಬರೆಯದ ನಮ್ಮ ಮನೆಯವರು. ಈ ಮೂವರ ಮಾತು ಒಂದೆಡೆ ಕೂಡಿದ ಬಗೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಕಳೆದ ಆಷಾಢದಲ್ಲಿ ನಮ್ಮ ಮಗಳು ಬೆಂಗಳೂರಿನಿಂದ ಬಂದು ನಾಲ್ಕು ದಿನ ನಮ್ಮೊಡನೆ ಮಡಿಕೇರಿಯಲ್ಲಿದ್ದಳು. ಕೊಡಗಿನ ಆಷಾಢದ ಮಳೆಯನ್ನು ಬಲ್ಲವರಿಗೆ ಅದನ್ನು ವರ್ಣಿಸಬೇಕಾದುದಿಲ್ಲ. ಅರಿಯದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಹಗಲಿಗೂ ಸಂಜೆಗೂ ಭೇದ ಕಾಣದು. ಹಂಚಿನ ಮೇಲೆ ಬೀಳುವ ನೀರಿನ ಸದ್ದು ನಿಂತಾಗಲೇ ಮನುಷ್ಯನಿಗೆ ಎಚ್ಚರವಾಗುವುದು. ಅಂಥ ಒಂದು ರಾತ್ರಿ ಊಟವಾದ ಮೇಲೆ ದೀಪ ಆರಿತು. ಮೇಣದ ಬತ್ತಿ ಹಚ್ಚಿಕೊಂಡು ಕುಳಿತಿರುವಾಗ ಅವಳು, "ಅಪ್ಪ, ಈ ಮಳೆಗೆ ತಕ್ಕ ಒಂದು ಇಂಗ್ಲೀಷು ಪದ್ಯವಿದೆ, ಓದಲೇ?" ಎಂದಳು. ಓದೆಂದೆವು.

ಅದು ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಎಂಬಾಕೆಯ ಒಂದು ಸಾನೆಟ್ಟು. ಆಕೆ ೧೮೯೨ರಲ್ಲಿ ಹುಟ್ಟಿ ೧೯೫೦ರಲ್ಲಿ ತೀರಿಕೊಂಡವಳು. ಸಾನೆಟ್ಟು ನಮ್ಮವರಿಗೆ ಹೊಸದಲ್ಲ. ಕನ್ನಡದಲ್ಲಿ ಅದನ್ನು ಸುನೀತವೆಂದು ಕರೆದು ಮಾಸ್ತಿಯವರು 'ಮಲಾರ'ವನ್ನೂ ಕುವೆಂಪು ಅವರು 'ಕೃತ್ತಿಕೆ'ಯನ್ನೂ ಕೊಟ್ಟಿದ್ದಾರೆ. ಹದಿನಾಲ್ಕು ಸಾಲು, ಆಕೆಯ ಈ ಸುನೀತದಲ್ಲಿ ಮೊದಲ ಎಂಟು ಸಾಲು ಒಂದು ಭಾವವನ್ನು ಕಟ್ಟುತ್ತವೆ, ಅಲ್ಲಿ ಪದ್ಯ ಒಮ್ಮೆ ಹೊರಳಿ, ಉಳಿದ ಆರರಲ್ಲಿ ಅದೇ ಭಾವವನ್ನು ಬೇರೊಂದು ಬೆಳಕಿನಲ್ಲಿ ತೋರುತ್ತದೆ. ಅದರ ತಾತ್ಪರ್ಯ ಇಷ್ಟೇ: ತನ್ನನ್ನು ಹಿಂದೆ ಪ್ರೀತಿಸಿದವರು ಯಾರು ಯಾರೆಂಬುದೇ ಆಕೆಗೆ ಮರೆತುಹೋಗಿದೆ. ಹೊರಗೆ ಮಳೆ ಸುರಿಯುತ್ತಿರಲು ಆ ಮರೆತವರೆಲ್ಲ ಬಂದು ಕಿಟಕಿಯನ್ನು ತಟ್ಟುವಂತೆ ತೋರುತ್ತದೆ. ಮುಂದೆ ಚಳಿಗಾಲದ ಒಂದು ಬೋಳುಮರದ ಚಿತ್ರ. ಯಾವ ಯಾವ ಹಕ್ಕಿ ತನ್ನನ್ನು ಬಿಟ್ಟುಹೋಯಿತೆಂದು ಆ ಮರಕ್ಕೆ ತಿಳಿಯದು; ಕೊಂಬೆಯಲ್ಲಿ ಮೊದಲಿನ ಸದ್ದಿಲ್ಲವೆಂಬುದು ಮಾತ್ರ ತಿಳಿದಿದೆ. ೧೯೨೦ರಲ್ಲಿ ಈ ಪದ್ಯ ಮೊದಲು ಅಚ್ಚಾದಾಗ ಆಕೆಗೆ ಇಪ್ಪತ್ತೆಂಟೇ ವರ್ಷ.

ವಾಚಕರಲ್ಲಿ ಕೆಲವರಿಗೆ ಇಷ್ಟರಲ್ಲೇ ಹುಬ್ಬು ಮೇಲೇರಿರಬಹುದು. ನಮಗೂ ಏರಿತ್ತು. "ಪ್ರೀತಿಸಿದವನು ಯಾರೆಂಬುದೇ ಮರೆತುಹೋದರೆ ಅದೆಂಥ ಪ್ರೀತಿ?" ಎಂದೆವು. ಮಗಳು ವಾದಿಸಲಿಲ್ಲ. "ಜನ ಮರೆತುಹೋದರೂ ನೋವು ಉಳಿಯುತ್ತದಲ್ಲ ಅಪ್ಪ, ಅದನ್ನೇ ಆಕೆ ಹೇಳುವುದು. ನಿಮ್ಮ ಸಂಸ್ಕೃತದಲ್ಲಿ ಇಂಥದನ್ನು ಯಾವ ಹೆಂಗಸೂ ಹೇಳಿಲ್ಲವೇ?" ಎಂದಳು.

ಈ ಪ್ರಶ್ನೆಯನ್ನು ಕೇಳಿ ನಾವು ಬೆಚ್ಚಿದೆವು. ಏಕೆಂದರೆ ಇದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಅವಳ ತಾಯಿ ನಮ್ಮನ್ನು ಮೂವತ್ತಮೂರು ವರ್ಷಗಳ ಹಿಂದೆ ಕೇಳಿದ್ದಳು. ಅಂದು ಕೊಟ್ಟ ಉತ್ತರ ಸರಿಯಾಗಿರಲಿಲ್ಲ. ಆ ಸಂಗತಿಯನ್ನು ಹೇಳುವ ಮೊದಲು ಉತ್ತರವಾಗಬೇಕಾಗಿದ್ದ ಶ್ಲೋಕದ ವಿಚಾರವನ್ನು ತಿಳಿಸಬೇಕು.

ಶೀಲಾಭಟ್ಟಾರಿಕೆಯೆಂಬ ಕವಯಿತ್ರಿಯದೆಂದು ಸುಭಾಷಿತಸಂಗ್ರಹಕಾರರು ಹೇಳುವ ಒಂದು ಮುಕ್ತಕವಿದೆ. ಶಾರ್ದೂಲವಿಕ್ರೀಡಿತ ವೃತ್ತದ ನಾಲ್ಕೇ ಪಾದ. ಒಬ್ಬ ಗೃಹಿಣಿ ಮಾತನಾಡುತ್ತಾಳೆ. ಕನ್ನೆಯಾಗಿದ್ದಾಗ ತನ್ನನ್ನು ಒಲಿಸಿಕೊಂಡವನೇ ಈಗ ತನ್ನ ಪತಿ. ಚೈತ್ರದ ರಾತ್ರಿಗಳು ಅವೇ. ಅರಳಿದ ಮಾಲತಿಯ ಕಂಪನ್ನೂ ಕದಂಬದ ಗಾಳಿಯನ್ನೂ ಹೊತ್ತು ಬರುವ ವಸಂತವೂ ಅದೇ. ತಾನೂ ಅವಳೇ. ಇಷ್ಟು ಹೇಳಿ, 'ತಥಾಪಿ' ಎನ್ನುತ್ತಾಳೆ. ಆದರೂ, ರೇವಾನದಿಯ ತಡಿಯಲ್ಲಿ ಬೆತ್ತದ ಪೊದೆಯ ಕೆಳಗೆ ತಾವಿಬ್ಬರು ಸೇರುತ್ತಿದ್ದ ಆ ಎಡೆಗಾಗಿ ಮನಸ್ಸು ಹಂಬಲಿಸುತ್ತದೆ. ಶ್ಲೋಕ ಇಷ್ಟೇ. ಸುನೀತ ಎಂಟು ಸಾಲಾದ ಮೇಲೆ ಹೊರಳುವಂತೆ ಇದು 'ತಥಾಪಿ' ಎಂಬ ಒಂದು ಪದದ ಮೇಲೆ ಹೊರಳುತ್ತದೆ. ಅದೇ, ಅವೇ, ಅವಳೇ ಎಂದು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟಂತೆ ಕಟ್ಟಿದ ಸುಖವನ್ನೆಲ್ಲ ಆ ಒಂದು ಪದ ತಳ್ಳಿಹಾಕುತ್ತದೆ.

ಈ ಕವಯಿತ್ರಿ ಎಲ್ಲಿಯವಳೆಂಬ ವಿಚಾರದಲ್ಲಿ ಈಚೆಗೆ ಒಂದು ಹೊಸ ಬೆಳಕು ಬಿದ್ದಿದೆ. ೨೦೨೩ರಲ್ಲಿ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ವಿದ್ವಾಂಸರು ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ಕಾಲದ, ಕ್ರಿ. ಶ. ೭೧೭ರ ಒಂದು ತಾಮ್ರಶಾಸನವನ್ನು ಓದಿ ಪ್ರಕಟಿಸಿದರು. ಅದರಲ್ಲಿ ಶೀಲಾಭಟ್ಟಾರಿಕೆಯೆಂಬವಳು ಇಮ್ಮಡಿ ಪುಲಕೇಶಿಯ ಮಗಳೆಂದೂ ಗಂಗರಾಜ ಮುಷ್ಕರನ ಮಗನಾದ ದಡಿಗನನ್ನು ವರಿಸಿದವಳೆಂದೂ ತಿಳಿದುಬರುತ್ತದೆ. ಆಕೆಯೇ ಈ ಕವಯಿತ್ರಿಯೆಂಬುದು ಆ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಆಕೆ ಕನ್ನಡನಾಡಿನ ಮಗಳು, ಕನ್ನಡನಾಡಿನ ಸೊಸೆ. ತಲಕಾಡಿನ ಗಂಗರಿಗೂ ಕೊಡಗಿಗೂ ಇರುವ ನಂಟಿಗೆ ನಮ್ಮ ಪೆಗ್ಗೂರಿನ ಕ್ರಿ. ಶ. ೯೭೮ರ ಶಾಸನವೇ ಸಾಕ್ಷಿ. ಇನ್ನು ರೇವೆಯೆಂದರೆ ನರ್ಮದೆ. ಪುಲಕೇಶಿ ಉತ್ತರಾಪಥದ ಹರ್ಷನನ್ನು ತಡೆದು ನಿಲ್ಲಿಸಿದ ಎಲ್ಲೆ. ಗಂಗರ ಮನೆಗೆ ಬಂದ ಚಾಲುಕ್ಯರ ಮಗಳು ನಮ್ಮ ಕಾವೇರಿಯ ತಡಿಯಲ್ಲಿ ಕುಳಿತು ತಂದೆಯ ನಾಡಿನ ಅಂಚಿನ ರೇವೆಯನ್ನು ನೆನೆದಿರಬಹುದೇ? ಇದು ಶಾಸನದ ಮಾತಲ್ಲ, ಮುದುಕನೊಬ್ಬನ ಊಹೆ. ಆದರೆ ಊಹೆ ಮಾಡಿ ಸುಖಪಡುವುದಕ್ಕೆ ಯಾರ ಅಡ್ಡಿಯೂ ಇಲ್ಲವಷ್ಟೆ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಈ ಶ್ಲೋಕ ಬೇರೊಂದು ಕಾರಣದಿಂದ ಪರಿಚಿತ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು 'ಕಾವ್ಯಪ್ರಕಾಶ'ದ ಮೊದಲ ಉಲ್ಲಾಸದಲ್ಲಿಯೇ ಇದನ್ನು ಎತ್ತಿಕೊಂಡು, ಸ್ಫುಟವಾದ ಅಲಂಕಾರವಿಲ್ಲದಿದ್ದರೂ ಕಾವ್ಯವಾಗಬಲ್ಲದು ಎಂಬುದಕ್ಕೆ ಉದಾಹರಣೆಯಾಗಿ ತೋರಿಸಿದ್ದಾನೆ. 'ಸಾಹಿತ್ಯದರ್ಪಣ'ದ ವಿಶ್ವನಾಥನು ಇದನ್ನೊಪ್ಪದೆ, ಇಲ್ಲಿ ಅಲಂಕಾರ ಇದ್ದೇ ಇದೆಯೆಂದು ವಾದಿಸಿದನು. ಕಾರಣವಿಲ್ಲದೆ ಕಾರ್ಯ ಹುಟ್ಟಿದರೆ ವಿಭಾವನೆ. ಕಾರಣವೆಲ್ಲ ಇದ್ದೂ ಕಾರ್ಯ ಹುಟ್ಟದಿದ್ದರೆ ವಿಶೇಷೋಕ್ತಿ. ಹಂಬಲಿಸಲು ಕಾರಣವಿಲ್ಲ, ಆದರೂ ಹಂಬಲವಿದೆ. ತೃಪ್ತಿಗೆ ಬೇಕಾದುದೆಲ್ಲ ಇದೆ, ಆದರೂ ತೃಪ್ತಿಯಿಲ್ಲ. ಎರಡರಲ್ಲಿ ಯಾವುದೆಂದು ನಿರ್ಣಯಿಸಲಾಗದ ಸಂದೇಹಸಂಕರವೆಂದು ಅವನ ಮತ. ಇತ್ತ ಚೈತನ್ಯಮಹಾಪ್ರಭುಗಳು ಪುರಿಯಲ್ಲಿ ಜಗನ್ನಾಥನ ರಥದ ಮುಂದೆ ಕುಣಿಯುತ್ತ ಇದೇ ಶ್ಲೋಕವನ್ನು ಹಾಡಿಕೊಂಡರಂತೆ. ಅವರ ಮನಸ್ಸನ್ನರಿತ ರೂಪಗೋಸ್ವಾಮಿಗಳು, ಕುರುಕ್ಷೇತ್ರದಲ್ಲಿ ಕೃಷ್ಣನನ್ನು ಮತ್ತೆ ಕಂಡ ರಾಧೆ ಯಮುನೆಯ ತಡಿಯ ಬನಕ್ಕಾಗಿ ಹಂಬಲಿಸುವಂತೆ ಇನ್ನೊಂದು ಶ್ಲೋಕವನ್ನು ರಚಿಸಿದರೆಂದು 'ಚೈತನ್ಯಚರಿತಾಮೃತ' ಹೇಳುತ್ತದೆ. ಒಬ್ಬ ಹೆಂಗಸು ತನ್ನ ಮನೆಯೊಳಗೆ ಕುಳಿತು ಆಡಿದ ಮಾತು ಪಂಡಿತರಿಗೆ ಲಕ್ಷ್ಯವಾಯಿತು, ಭಕ್ತರಿಗೆ ಭಕ್ತಿಯಾಯಿತು. ಆದರೆ ಅದು ಒಬ್ಬ ಹೆಂಡತಿಯ ಮಾತೂ ಹೌದೆಂಬುದು ನಮಗೆ ಹೊಳೆಯಲಿಲ್ಲ.

ಈಗ ಅಂದಿನ ಸಂಗತಿ. ನಮಗೆ ಮೊದಲು ಕೆಲಸವಾದದ್ದು ಸಿದ್ದಾಪುರದ ಕಡೆ. ೧೯೯೧ರಲ್ಲಿ ಮದುವೆಯಾಗಿ, ಕರಡಿಗೋಡಿನಲ್ಲಿ ಕಾವೇರಿಯ ತಡಿಯ ಒಂದು ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದೆವು. ಮನೆಯೆಂದರೆ ಎರಡು ಕೋಣೆ, ಒಂದು ಅಡಿಗೆಮನೆ, ಮಳೆಗಾಲದಲ್ಲಿ ನಾಲ್ಕು ಕಡೆ ಪಾತ್ರೆಯಿಡಬೇಕಾದ ಮಾಡು. ಹಿತ್ತಲಿನಿಂದ ಹೊಳೆಗೆ ಇಪ್ಪತ್ತು ಹೆಜ್ಜೆ. ದಡದಲ್ಲಿ ಬಿದಿರು ಮೆಳೆ; ಅದರ ಬುಡದಲ್ಲಿ ಬಟ್ಟೆ ಒಗೆಯುವ ಒಂದು ಚಪ್ಪಡಿ ಕಲ್ಲು. ಶಾಲೆ ಬಿಟ್ಟು ಬಂದ ಮೇಲೆ ನಾವಿಬ್ಬರೂ ಕತ್ತಲಾಗುವವರೆಗೆ ಆ ಕಲ್ಲಿನ ಮೇಲೆ ಕುಳಿತಿರುತ್ತಿದ್ದೆವು. ಫಾಲ್ಗುಣ ಚೈತ್ರಗಳಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಸುತ್ತಣ ಕಾಫಿ ತೋಟಗಳೆಲ್ಲ ಒಮ್ಮೆಗೇ ಬೆಳ್ಳಗೆ ಅರಳುವುವು. ಆಗಿನ ರಾತ್ರಿಗಳ ಗಾಳಿಗೆ ಮಲ್ಲಿಗೆಯ ಕಂಪು. ಕವಿಯ ಮಾಲತಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿರಲಿಲ್ಲ.

ಆ ದಿನಗಳಲ್ಲಿ ನಾವು ಅಲಂಕಾರಶಾಸ್ತ್ರದ ವಿದ್ವತ್ ಪರೀಕ್ಷೆಗೆ ಓದುತ್ತಿದ್ದೆವು. ನಮ್ಮ ಮನೆಯವರಿಗೆ ಸಂಸ್ಕೃತ ಬಾರದು; ಆದರೆ ಕನ್ನಡದ ಕಥೆ ಕಾದಂಬರಿಗಳೆಂದರೆ ಪ್ರಾಣ. ನಮ್ಮ ಕೊಡಗಿನ ಗೌರಮ್ಮನವರು ೧೯೩೯ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ನೀರಿನಲ್ಲಿ ಮುಳುಗಿ ತೀರಿಕೊಂಡರಷ್ಟೆ. ಅವರ 'ಕಂಬನಿ', 'ಚಿಗುರು'ಗಳ ಕಥೆಗಳನ್ನು ಇವರು ಎಷ್ಟು ಸಲ ಓದಿದ್ದರೋ ಲೆಕ್ಕವಿಲ್ಲ. ಒಂದು ಸಂಜೆ ನಾವು ಶೀಲಾಭಟ್ಟಾರಿಕೆಯ ಶ್ಲೋಕವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿರುವಾಗ ಅಡಿಗೆಮನೆಯಿಂದ ಬಂದು, "ಗೌರಮ್ಮನವರ ಹಾಗೆ ನಿಮ್ಮ ಸಂಸ್ಕೃತದಲ್ಲಿ ಹೆಂಗಸರು ಯಾರೂ ಬರೆದಿಲ್ಲವೆ?" ಎಂದು ಕೇಳಿದರು. "ಇದು ಒಬ್ಬ ಹೆಂಗಸು ಬರೆದುದೇ" ಎಂದೆವು. "ಹಾಗಾದರೆ ಅರ್ಥ ಹೇಳಿ" ಎಂದರು. ನಾವು ಪುಸ್ತಕದಿಂದ ತಲೆಯೆತ್ತದೆ, "ಇದು ಸ್ಫುಟವಾದ ಅಲಂಕಾರವಿಲ್ಲದ ಕಾವ್ಯಕ್ಕೆ ಉದಾಹರಣೆ" ಎಂದುಬಿಟ್ಟೆವು. ಅವರು ಸ್ವಲ್ಪ ಹೊತ್ತು ನಿಂತರು. "ನಾನು ಅರ್ಥ ಕೇಳಿದೆ, ಉದಾಹರಣೆ ಕೇಳಲಿಲ್ಲ" ಎಂದು ನಕ್ಕು ಒಳಗೆ ಹೋದರು. ನಾವು ಪರೀಕ್ಷೆಯಲ್ಲಿ ಉತ್ತೀರ್ಣರಾದೆವು.

೧೯೯೪ರಲ್ಲಿ ಮಡಿಕೇರಿಗೆ ಬಂದೆವು. ಅಷ್ಟರಲ್ಲಿ ಮಗಳು ಹುಟ್ಟಿದ್ದಳು. ಮುಂದಿನ ಕಥೆ ಎಲ್ಲ ಮೇಷ್ಟರುಗಳ ಮನೆಯ ಕಥೆಯೇ. ಪಾಠ, ಮನೆಪಾಠ, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ಮನೆ ಕಟ್ಟಿಸಿದ ಸಾಲ, ಮಗಳ ಓದು. ನಾವು ಕೆಟ್ಟ ಗಂಡನಾಗಿರಲಿಲ್ಲವೆಂದು ಹೇಳಿಕೊಳ್ಳಬಹುದು. ಯಾವುದಕ್ಕೂ ಕೊರತೆ ಮಾಡಲಿಲ್ಲ, ಗದರಿಸಿ ಮಾತನಾಡಲಿಲ್ಲ. ಆದರೆ ಮಾತೇ ಕಡಿಮೆಯಾಯಿತು. ಊಟಕ್ಕೆ ಕುಳಿತಾಗ ಹಾಲಿನ ಲೆಕ್ಕ, ಅಕ್ಕಿಯ ಲೆಕ್ಕ, ಮಗಳ ಫೀಸಿನ ಲೆಕ್ಕ. ಇದಿಷ್ಟು ಮುಗಿದರೆ ಮೌನ. ಆ ಮೌನವನ್ನು ನಾವು ದಾಂಪತ್ಯದ ಪರಿಪಾಕವೆಂದು ತಿಳಿದಿದ್ದೆವು.

೨೦೧೮ರ ಚೈತ್ರದಲ್ಲಿ ಒಂದು ರಾತ್ರಿ, ಮಳೆ ಬಂದು ನಿಂತಿತ್ತು. ತೋಟದ ಕಡೆಯಿಂದ ಕಾಫಿಯ ಹೂವಿನ ಕಂಪು ಬರುತ್ತಿತ್ತು. ನಮ್ಮ ಮನೆಯವರು ಕಿಟಕಿಯ ಬಳಿ ನಿಂತಿದ್ದವರು ಇದ್ದಕ್ಕಿದ್ದಂತೆ, "ಒಂದು ಸಲ ಕರಡಿಗೋಡಿನ ಮನೆಯನ್ನು ನೋಡಿಕೊಂಡು ಬರೋಣವೇ?" ಎಂದರು. ನಮಗೆ ಆಶ್ಚರ್ಯವಾಯಿತು. "ಅಲ್ಲೇನಿದೆ? ಸೋರುವ ಮನೆ. ಅದಕ್ಕಿಂತ ಇದು ಎಷ್ಟೋ ವಾಸಿಯಲ್ಲವೆ?" ಎಂದೆವು. "ಇದೇ ವಾಸಿ, ಇಲ್ಲವೆಂದವರು ಯಾರು? ಇಲ್ಲಿ ಎಲ್ಲ ಇದೆ, ನೀವೂ ಇದ್ದೀರಿ. ಆದರೂ ಯಾಕೋ ಆ ಕಲ್ಲಿನ ಮೇಲೆ ಒಮ್ಮೆ ಕೂತುಕೊಳ್ಳಬೇಕೆಂದು ಮನಸ್ಸಾಗುತ್ತದೆ" ಎಂದರು. ರಜೆ ಬರಲಿ, ನೋಡೋಣ ಎಂದೆವು. ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ, ಅಷ್ಟೇ.

ವಾಚಕರು ಗಮನಿಸಿರಬಹುದು. ಎಲ್ಲ ಇದೆ; ನೀವೂ ಇದ್ದೀರಿ; ಚೈತ್ರದ ರಾತ್ರಿ; ಹೂವಿನ ಗಾಳಿ; ಆದರೂ ಹೊಳೆಯ ತಡಿ. ಸಂಸ್ಕೃತದ ಒಂದಕ್ಷರವನ್ನೂ ಅರಿಯದ ನಮ್ಮ ಮನೆಯವರು ಶೀಲಾಭಟ್ಟಾರಿಕೆಯ ಮಾತನ್ನು ನಮ್ಮೆದುರು ನಿಂತು ಕನ್ನಡದಲ್ಲಿ ಆಡಿದ್ದರು. 'ತಥಾಪಿ'ಯೂ ಅದರೊಳಗೆ ಇದ್ದಿತು. ಆ ಶ್ಲೋಕವನ್ನು ಕಂಠಪಾಠ ಮಾಡಿ ಅದರ ಮೇಲೆ ಮಮ್ಮಟ ವಿಶ್ವನಾಥರ ವಾದವನ್ನು ಹತ್ತು ಪುಟ ಬರೆದ ವಿದ್ವಾಂಸರಾದ ನಾವು ಅದನ್ನು ಗುರುತಿಸಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದು ಎಷ್ಟೋ ಮಂದಿ ಮನೆಮಾರು ಕಳೆದುಕೊಂಡರು. ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಮರುವರ್ಷ, ೨೦೧೯ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಗಳ ತಡಿಯ ಅನೇಕ ಮನೆಗಳು ನೀರುಪಾಲಾದುವು. ಆ ಮನೆಯೂ ಹೋಯಿತೆಂದು ಬಲ್ಲವರೊಬ್ಬರು ತಿಳಿಸಿದರು. ನಾವು ಅದನ್ನು ಹೇಳಿದಾಗ ನಮ್ಮ ಮನೆಯವರು "ಹೌದೆ" ಎಂದರು. ಆಮೇಲೆ, "ಪಾಪ, ಈಗ ಅದರಲ್ಲಿ ಯಾರಿದ್ದರೋ" ಎಂದರು. ಮತ್ತೆ ಆ ಮಾತನ್ನು ಎತ್ತಲಿಲ್ಲ. ೨೦೨೨ರ ಪುಷ್ಯಮಾಸದಲ್ಲಿ ಅವರು ತೀರಿಕೊಂಡರು.

ಈ ಆಷಾಢದ ರಾತ್ರಿ ಮಗಳು ಕೇಳಿದ ಪ್ರಶ್ನೆಗೆ ಉತ್ತರವಾಗಿ ನಾವು ಆ ಶ್ಲೋಕವನ್ನು ಹೇಳಿದೆವು. ಈ ಸಲ ಅರ್ಥವನ್ನು ಹೇಳಿದೆವು. ಅಲಂಕಾರದ ಗೊಡವೆಗೆ ಹೋಗಲಿಲ್ಲ. ಅರ್ಥ ಮುಗಿದಾಗ ಅವಳ ತಾಯಿಯ ಮಾತನ್ನೂ ಹೇಳಬೇಕಾಯಿತು. ಅವಳು ಬಹಳ ಹೊತ್ತು ಸುಮ್ಮನಿದ್ದು, "ನಾಳೆ ಹೋಗೋಣ ಅಪ್ಪ" ಎಂದಳು.

ಹೋದೆವು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮನೆಯಿದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ. ಕಲ್ಲು ನೀರಿನೊಳಗಿದೆಯೋ ಕೊಚ್ಚಿಹೋಗಿದೆಯೋ ಕಾಣಲಿಲ್ಲ. ಆ ಮನೆಯಲ್ಲಿ ಮಗುವಾಗಿದ್ದ ನಮ್ಮ ಮಗಳಿಗೆ ಅದರ ನೆನಪಿಲ್ಲ. ಆದುದರಿಂದ ಒಂದೊಂದನ್ನೇ ಕೇಳತೊಡಗಿದಳು. ಅಡಿಗೆಮನೆ ಯಾವ ಕಡೆ ಇತ್ತು? ಹೇಳಿದೆವು. ತೊಟ್ಟಿಲು ಎಲ್ಲಿ ಕಟ್ಟಿದ್ದಿರಿ? ಹೇಳಿದೆವು. ಬಾಗಿಲಿಗೆ ಯಾವ ಬಣ್ಣವಿತ್ತು? ನಮಗೆ ನೆನಪಾಗಲಿಲ್ಲ. ಹಸಿರೆಂದು ಒಮ್ಮೆ, ನೀಲಿಯೆಂದು ಒಮ್ಮೆ ತೋರಿತು. ಅವಳ ತಾಯಿಗೆ ಖಂಡಿತವಾಗಿಯೂ ನೆನಪಿರುತ್ತಿತ್ತು. ಕೇಳೋಣವೆಂದು ಮನಸ್ಸು ಒಂದು ಕ್ಷಣ ಮನೆಯ ಕಡೆ ತಿರುಗಿ, ಹಾಗೆಯೇ ನಿಂತಿತು.

ಆ ಕ್ಷಣದಲ್ಲಿ ಒಂಟಿತನವೆಂಬ ಪದದ ಅರ್ಥ ನಮಗಾಯಿತು. ಇಬ್ಬರು ಕೂಡಿ ಬಾಳಿದ ಕಾಲದ ನೆನಪು ಒಬ್ಬರ ಸೊತ್ತಲ್ಲ. ಅದರ ಅರ್ಧ ಇನ್ನೊಬ್ಬರ ಬಳಿ ಇರುತ್ತದೆ. ಅವರು ಹೋದಾಗ ಆ ಅರ್ಧವೂ ಹೋಗುತ್ತದೆ. ಉಳಿದ ಅರ್ಧ ನಿಜವೋ ಅಲ್ಲವೋ ಎಂದು ಕೇಳುವುದಕ್ಕೂ ಯಾರೂ ಇರುವುದಿಲ್ಲ. ಅಮೆರಿಕಾದ ಕವಯಿತ್ರಿಯ ಬೋಳುಮರವನ್ನು ಹಿಂದಿನ ರಾತ್ರಿ ಆಕ್ಷೇಪಿಸಿದ್ದ ನಾವು ಈಗ ಆ ಮರದಂತೆಯೇ ನಿಂತಿದ್ದೆವು. ಯಾವ ಹಕ್ಕಿ ಹೋಯಿತೆಂದು ನಮಗೆ ಗೊತ್ತು. ಆದರೆ ಅದು ಏನೇನು ಹಾಡಿತ್ತೆಂಬುದು ಪೂರ್ತಿಯಾಗಿ ಗೊತ್ತಿಲ್ಲ. ಆ ಪದ್ಯದ ಮೇಲಿನ ನಮ್ಮ ಆಕ್ಷೇಪಣೆಯನ್ನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆವು.

ಹಿಂದಿರುಗುವಾಗ ಬಸ್ಸಿನಲ್ಲಿ ಇನ್ನೊಂದು ವಿಚಾರ ಹೊಳೆಯಿತು. ಅವನೇ ಪತಿ, ತಾನೂ ಅವಳೇ ಎಂದು ಶ್ಲೋಕದ ಗೃಹಿಣಿ ಹೇಳುತ್ತಾಳಲ್ಲ, ಅದು ನಿಜವೆ? ನಿಜವಾಗಿದ್ದರೆ ರೇವೆಯ ತಡಿಗಾಗಿ ಏಕೆ ಹಂಬಲಿಸಬೇಕು? ಕಲ್ಲಿನ ಮೇಲೆ ಕತ್ತಲಾಗುವವರೆಗೆ ಕುಳಿತು ಮಾತನಾಡುತ್ತಿದ್ದವನೂ ಹಾಲಿನ ಲೆಕ್ಕ ಮುಗಿಸಿ ಸುಮ್ಮನಾಗುತ್ತಿದ್ದವನೂ ಹೆಸರಿಗೆ ಒಬ್ಬನೇ. ನಮ್ಮ ಮನೆಯವರು ಕೇಳಿದ್ದು ಸೋರುವ ಮನೆಯನ್ನಲ್ಲ, ಆ ಮನೆಯಲ್ಲಿದ್ದ ನಮ್ಮನ್ನು. ಗಂಡನು ಎದುರಿಗೇ ಇರುವಾಗ ಅವನಿಗಾಗಿ ಹಂಬಲಿಸುವ ಒಂಟಿತನ ನಮ್ಮದಕ್ಕಿಂತ ಹಿರಿದು. ಅದನ್ನು ಅವರು ಎಷ್ಟು ವರ್ಷ ಅನುಭವಿಸಿದರೋ ತಿಳಿಯದು. ತಿಳಿಯಬೇಕಾದ ಕಾಲದಲ್ಲಿ ನಾವು ಕೇಳಲಿಲ್ಲ.

ಇದನ್ನು ಬರೆದುದು ಮರುಕಕ್ಕಾಗಿ ಅಲ್ಲ. ಈ ಪತ್ರಿಕೆ ಗೃಹಸ್ಥರ ಮನೆಗಳಿಗೆ ಹೋಗುವಂಥದು. ಯಾವುದೋ ಮನೆಯಲ್ಲಿ ಒಂದು ರಾತ್ರಿ, ಎಲ್ಲವೂ ಸರಿಯಾಗಿರುವಾಗ, ಗೃಹಿಣಿಯೋ ಗೃಹಸ್ಥನೋ ಕಾರಣವಿಲ್ಲದೆ ಒಂದು ಹಳೆಯ ಊರಿನ, ಹಳೆಯ ಮನೆಯ, ಹಳೆಯ ಮರದ ಮಾತನ್ನೆತ್ತಬಹುದು. ಅಲ್ಲೇನಿದೆ ಎಂದು ಕೇಳಬೇಡಿರಿ. ಅಲ್ಲಿ ಏನೂ ಇರದೆ ಹೋಗಬಹುದು. ರಜೆಗಾಗಿ ಕಾಯದೆ ಮರುದಿನವೇ ಇಬ್ಬರೂ ಹೋಗಿಬನ್ನಿರಿ. ಹೋಗಲಾಗದಿದ್ದರೆ ಅಲ್ಲಿಯೇ ಕುಳಿತು ಆ ಮಾತನ್ನು ಮುಂದುವರಿಸಿರಿ. ಬಾಗಿಲಿನ ಬಣ್ಣ ಯಾವುದಿತ್ತೆಂದಾದರೂ ಕೇಳಿಟ್ಟುಕೊಳ್ಳಿರಿ.